ಬಾಹ್ಯಾಕಾಶ ನೀತಿಯ ಅಧ್ಯಯನಕ್ಕೆ ಯಾವ ಬುನಾದಿ ಬೇಕು?

ಬದಿಯಡ್ಕದ ವಿದ್ಯಾರ್ಥಿನಿ:
ಭೌತಶಾಸ್ತ್ರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಬಾಹ್ಯಾಕಾಶದ ನೀತಿ, ವಿಜ್ಞಾನ, ಭದ್ರತೆ ಮೂರನ್ನೂ ಕೂಡಿಸಿ ಓದುವಾಸೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗಕ್ಕೆ ಸೇರಲೇ, ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡಲೇ?

ಕುಂಬಳೆಯ ನಿವೃತ್ತ ಅಧ್ಯಾಪಕ:
ವಿಜ್ಞಾನವನ್ನು ಬಿಡಬೇಡ ಮಗಳೇ. 2007ರಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹವೊಂದನ್ನು ಸುಮಾರು 860 ಕಿಲೋಮೀಟರ್ ಎತ್ತರದಲ್ಲಿ ಕ್ಷಿಪಣಿಯಿಂದ ಒಡೆದಾಗ ಹುಟ್ಟಿದ ಸಾವಿರಾರು ಚೂರುಗಳಲ್ಲಿ ಬಹುಪಾಲು ಇಂದಿಗೂ ಭೂಮಿಯನ್ನು ಸುತ್ತುತ್ತಿವೆ. 2019ರ ಮಾರ್ಚ್‌ನಲ್ಲಿ ಭಾರತ 300 ಕಿಲೋಮೀಟರಿಗಿಂತ ಕೆಳಗೆ ನಡೆಸಿದ ಮಿಷನ್ ಶಕ್ತಿ ಎಂಬ ಅಂಥದೇ ಪರೀಕ್ಷೆಯ ಚೂರುಗಳಲ್ಲಿ ಕೆಲವು ಮೇಲಕ್ಕೆ ಚಿಮ್ಮಿದರೂ ಹೆಚ್ಚಿನವು ವಾಯುಮಂಡಲದ ತಡೆಗೆ ಸಿಕ್ಕಿ ಬೇಗನೆ ಉರಿದುಹೋದವು. ಈ ವ್ಯತ್ಯಾಸದ ಕಾರಣ ತಿಳಿಯದವರು ಬರೆಯುವ ಭದ್ರತಾ ನೀತಿ ಬರೀ ಬಾಯಿಮಾತು.

ಮಂಜೇಶ್ವರದ ವಕೀಲ:
ಮಾಷ್ಟ್ರೇ, ಆ ಎರಡು ಪರೀಕ್ಷೆಗಳನ್ನೂ ಯಾವ ಒಪ್ಪಂದವೂ ನೇರವಾಗಿ ನಿಷೇಧಿಸಿರಲಿಲ್ಲವೆಂಬುದು ಭೌತಶಾಸ್ತ್ರದ ತರಗತಿಯಲ್ಲಿ ತಿಳಿಯುವುದಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ 4ನೆಯ ವಿಧಿಯು ಅಣ್ವಸ್ತ್ರಗಳನ್ನೂ ಸಮೂಹನಾಶಕ ಅಸ್ತ್ರಗಳನ್ನೂ ಕಕ್ಷೆಯಲ್ಲಿ ಇರಿಸಬಾರದೆನ್ನುತ್ತದೆ. ನೆಲದಿಂದ ಚಿಮ್ಮಿ ಉಪಗ್ರಹಕ್ಕೆ ಬಡಿಯುವ ಸಾಧಾರಣ ಕ್ಷಿಪಣಿಯ ಮಾತನ್ನೇ ಎತ್ತುವುದಿಲ್ಲ. ಇಂದಿನ ಭದ್ರತಾ ಚರ್ಚೆಯ ಬಹುಭಾಗ ನಡೆಯುತ್ತಿರುವುದು ಈ ತೆರಪಿನಲ್ಲಿಯೇ.

ನೀರ್ಚಾಲು ಮೂಲದ ಇಂಜಿನಿಯರ್, ಬೆಂಗಳೂರು:
ಕ್ಷಿಪಣಿಯೊಂದೇ ಭದ್ರತೆಯಲ್ಲ. ಅದೇ ಒಪ್ಪಂದದ 6ನೆಯ ವಿಧಿಯಂತೆ ಖಾಸಗಿ ಕಂಪನಿಯ ಉಪಗ್ರಹಕ್ಕೂ ಅದರ ದೇಶವೇ ಹೊಣೆ. ಭಾರತದಲ್ಲಿ 2023ರ ಬಾಹ್ಯಾಕಾಶ ನೀತಿಯ ಪ್ರಕಾರ ಖಾಸಗಿಯವರಿಗೆ ಅನುಮತಿ ಕೊಡುವುದು ಕೇಂದ್ರ ಸರಕಾರದ ಸಂಸ್ಥೆಯಾದ ಇನ್‌-ಸ್ಪೇಸ್. ಅಲ್ಲಿಗೆ ಹೋಗುವ ಅರ್ಜಿಯಲ್ಲಿ ಕಕ್ಷೆಯ ಲೆಕ್ಕವೂ ಇರಬೇಕು, ಕಾನೂನಿನ ಉತ್ತರವೂ ಇರಬೇಕು. ಎರಡನ್ನೂ ಓದಬಲ್ಲವರು ಸಿಗುವುದೇ ಅಪರೂಪ.

ಕುಂಬಳೆಯ ನಿವೃತ್ತ ಅಧ್ಯಾಪಕ:
ಹಾಗಿದ್ದರೂ ಮೊದಲು ಲೆಕ್ಕವನ್ನೇ ಕಲಿಯಬೇಕು. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಉಪಗ್ರಹ ತನ್ನ ಪರಮಾಣು ರಿಯಾಕ್ಟರಿನೊಡನೆ ಕೆನಡಾದ ಹಿಮಭೂಮಿಗೆ ಬಿದ್ದಾಗ, ವಿಕಿರಣ ಅಳೆದು ಚೂರುಗಳನ್ನು ಹೆಕ್ಕಿದವರು ಇಲ್ಲದಿದ್ದರೆ ಪರಿಹಾರದ ಮೊಕದ್ದಮೆಗೆ ಸಾಕ್ಷ್ಯವೇ ಇರುತ್ತಿರಲಿಲ್ಲ.

ಮಂಜೇಶ್ವರದ ವಕೀಲ:
ಮೊಕದ್ದಮೆ ನಡೆಯಲೇ ಇಲ್ಲ, ಮಾಷ್ಟ್ರೇ. 1972ರ ಹೊಣೆಗಾರಿಕೆ ಒಪ್ಪಂದವನ್ನು ಮುಂದಿಟ್ಟು ಕೆನಡಾ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳಿತು. ಹುಡುಕಾಟ, ಶುಚೀಕರಣಗಳ ವೆಚ್ಚವನ್ನು ಹಾನಿಯೆಂದು ಎಣಿಸಬೇಕೇ ಎಂಬುದು ತೀರ್ಪಿನಿಂದ ಇತ್ಯರ್ಥವಾಗದೆ, 1981ರಲ್ಲಿ 30 ಲಕ್ಷಕ್ಕೆ ರಾಜಿಯಾಯಿತು. ಹೆಕ್ಕಿದ ಚೂರುಗಳು ಕೈಯಲ್ಲಿದ್ದೂ ಅರ್ಧ ಹಣ ಹೋಯಿತಲ್ಲ!

ಬದಿಯಡ್ಕದ ವಿದ್ಯಾರ್ಥಿನಿ:
ಭೌತಶಾಸ್ತ್ರದಲ್ಲೇ ಮುಂದುವರಿದು, ಕಕ್ಷೆಯ ಚೂರುಗಳು ಕೆಳಗಿಳಿಯುವ ವೇಗವನ್ನೇ ಪ್ರಾಜೆಕ್ಟಿಗೆ ಆರಿಸಿಕೊಳ್ಳುತ್ತೇನೆ. ವಕೀಲರೇ, ಜೊತೆಜೊತೆಗೆ ಆ ಎರಡು ಒಪ್ಪಂದಗಳನ್ನು ಓದುವುದಾದರೆ ತಮ್ಮಲ್ಲಿ ಸಂದೇಹ ಕೇಳಬಹುದೇ?