ಪದಚರ್ಚೆ: ಸುಲಿಗೆ, ಮಾಮೂಲಿ, ಕಪ್ಪ... ‘ರೆಂತಾ’ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಿಂದ ತಪ್ಪಿಸಿಕೊಂಡು ಬಂದು ಕೆನಡಾದಲ್ಲಿ ಆಶ್ರಯ ಕೇಳುವವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ನಾಲ್ಕು ದಿನದಿಂದ ಮುಂದೆ ಹೋಗಿಲ್ಲ. ಆ ಪದ ‘ರೆಂತಾ’.

ಮಾರಾ ಸಾಲ್ವಾತ್ರುಚಾ, ಬಾರ್ರಿಯೊ 18 ಅಂತ ಅಲ್ಲಿ ಎರಡು ದೊಡ್ಡ ಗ್ಯಾಂಗುಗಳು. ಎರಡೂ ಹುಟ್ಟಿದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. 1990ರ ದಶಕದಲ್ಲಿ ಗಡೀಪಾರಾದವರ ಜೊತೆ ಎಲ್ ಸಾಲ್ವಡಾರ್‌ಗೆ ಬಂದು ಬೇರು ಬಿಟ್ಟವು. 2022ರ ಮಾರ್ಚ್‌ನಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿ ಹತ್ತಾರು ಸಾವಿರ ಜನರನ್ನು ಜೈಲಿಗೆ ಹಾಕುವವರೆಗೂ ಎಷ್ಟೋ ಬೀದಿಗಳಲ್ಲಿ ಅವರದ್ದೇ ಆಳ್ವಿಕೆ. ಬಸ್ಸಿನವರು, ಅಂಗಡಿಯವರು, ರೊಟ್ಟಿ ಸುಟ್ಟು ಮಾರುವ ಹೆಂಗಸರು ಕೂಡ ಗ್ಯಾಂಗಿಗೆ ದುಡ್ಡು ಕಟ್ಟಬೇಕಿತ್ತು. ಅದಕ್ಕೇ ಅಲ್ಲಿ ‘ರೆಂತಾ’ ಅನ್ನುವುದು, ಅಂದರೆ ಬಾಡಿಗೆ. ತಮ್ಮದೇ ಬೀದಿಯಲ್ಲಿ ಬದುಕೋದಕ್ಕೆ ಬಾಡಿಗೆ! ಪಕ್ಕದ ಹೊಂಡುರಾಸ್‌ನಲ್ಲಿ ಇದು ‘ಯುದ್ಧ ತೆರಿಗೆ’.

ಮೊದಲು ‘ಸುಲಿಗೆ’ ಅಂತ ಬರೆದೆ. ಅವರೆಕಾಯಿ ಸುಲಿಯುತ್ತೇವಲ್ಲ, ಅದೇ ‘ಸುಲಿ’. ಚೆನ್ನಾಗಿದೆ. ಆದರೆ ಪೇಪರ್ ಓದುವವರಿಗೆ ಸುಲಿಗೆ ಅಂದರೆ ಚಾಕು ತೋರಿಸಿ ಮೊಬೈಲ್ ಕಿತ್ತುಕೊಂಡು ಹೋಗೋದು. ಅದು ಒಂದು ರಾತ್ರಿಗೆ ಮುಗಿಯುತ್ತದೆ. ರೆಂತಾ ಮುಗಿಯುವುದಿಲ್ಲ. ‘ಹಫ್ತಾ’ದಲ್ಲಿ ವಾರವಾರವೂ ಬರುವ ಅರ್ಥ ಇದೆ, ನಿಜ. ಆದರೆ ಕೇಳಿದ ಕೂಡಲೇ ಮುಂಬೈ ಕಣ್ಣಮುಂದೆ ಬರುತ್ತದೆ.

ಉಳಿದದ್ದು ‘ಮಾಮೂಲಿ’. ಚಿಕ್ಕಂದಿನಲ್ಲಿ ಸೋದರಮಾವನ ದಿನಸಿ ಅಂಗಡಿಯಲ್ಲಿ ಕೂರುತ್ತಿದ್ದೆ. ಶನಿವಾರ ಸಂಜೆ ಒಬ್ಬ ಬಂದು ಸುಮ್ನೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಮಾತಿಲ್ಲ. ಮಾವ ತಕ್ಕಡಿ ಕೆಳಗೆ ಮಡಚಿಟ್ಟ ನೋಟು ತೆಗೆದು, ಅವನ ಮುಖ ನೋಡದೆ ಕೊಡುತ್ತಿದ್ದರು. ‘ಏನ್ ಮಾವ ಅದು?’ ಅಂದರೆ ‘ಮಾಮೂಲಿ ಕಣೋ’ ಅನ್ನುತ್ತಿದ್ದರು.

ಬಾಯಿಗೆ ಸಲೀಸಾದ ಪದ. ಆದರೂ ಇಲ್ಲಿ ಹಾಕೋಕೆ ನನಗೆ ಭಯ. ಕೆನಡಾದ ವಲಸೆ ಕಾನೂನಿನ 97ನೇ ಸೆಕ್ಷನ್ ಕೆಳಗೆ ರಕ್ಷಣೆ ಬೇಕಾದರೆ, ಜೀವಕ್ಕಿರುವ ಅಪಾಯ ಆ ದೇಶದ ಉಳಿದವರಿಗೂ ಸಾಮಾನ್ಯವಾಗಿ ಇರುವಂಥದ್ದು ಆಗಿರಬಾರದು. ಎಷ್ಟೋ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. ‘ಗ್ಯಾಂಗಿನವರು ಎಲ್ಲರ ಹತ್ತಿರವೂ ಕೀಳುತ್ತಾರೆ, ನಿನ್ನದೇನು ಬೇರೆ?’ ಅನ್ನುತ್ತಾರೆ ಅರ್ಜಿ ತೀರ್ಮಾನಿಸುವವರು. ನಾನೇ ‘ಮಾಮೂಲಿ’ ಅಂತ ಬರೆದರೆ ಆ ಮಾತಿಗೆ ತಲೆಯಾಡಿಸಿದ ಹಾಗೆ ಅಲ್ವಾ?

1951ರ ನಿರಾಶ್ರಿತರ ಒಪ್ಪಂದದ ಕೆಳಗೆ ಆಶ್ರಯ ಬೇಕಾದರೆ ಕಿರುಕುಳಕ್ಕೆ ಇರಬೇಕಾದ್ದು ಐದರಲ್ಲಿ ಒಂದು ಕಾರಣ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ದುಡ್ಡಿಗಾಗಿ ಬೆದರಿಸಿದರು ಅನ್ನುವುದಷ್ಟೇ ಸಾಲದು. ಆದರೆ ಗ್ಯಾಂಗುಗಳಿಂದ ನೊಂದವರ ಬಗ್ಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2010ರಲ್ಲಿ ಒಂದು ಮಾರ್ಗದರ್ಶಿ ಹೊರಡಿಸಿದೆ. ಗ್ಯಾಂಗೇ ಆಳುವ ಕಡೆ ಅದಕ್ಕೆ ಎದುರಾಡುವುದೂ ರಾಜಕೀಯ ಅಭಿಪ್ರಾಯ ಆಗಬಹುದು ಅನ್ನುತ್ತದೆ ಅದು. ಅದನ್ನು ಓದುವಾಗ ಹೊಳೆದದ್ದು ‘ಕಪ್ಪ’. ಕಪ್ಪ ಕೊಡಲ್ಲ ಅನ್ನೋದು ಬರೀ ದುಡ್ಡಿನ ಮಾತಲ್ಲ, ನೀನು ನನ್ನ ದೊರೆಯಲ್ಲ ಅನ್ನೋ ಮಾತು. ಕಿತ್ತೂರಿನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಮನಸ್ಸು ಅದಕ್ಕೇ ಜಾಸ್ತಿ ವಾಲಿದೆ. ಆದರೆ ಸಾಮಂತ ರಾಜರ ಪದ ರೊಟ್ಟಿ ಮಾರುವವಳ ಬಾಯಲ್ಲಿ ಕೂರುತ್ತಾ?

‘ನಿರಾಶ್ರಿತ’ವೂ ಸ್ವಲ್ಪ ಚುಚ್ಚುತ್ತಿದೆ. ಬೆಂಗಳೂರಿನಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಅಂದರೆ ಭಿಕ್ಷುಕರನ್ನು ಇಡುವ ಜಾಗ. ಸದ್ಯಕ್ಕೆ ‘ಆಶ್ರಯ ಕೋರಿ ಬಂದವರು’ ಅಂತಲೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆ ಸಂತೆಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದರೆ ತಿಳಿಸಿ. ಕೂರಬೇಕಾದ ವಾಕ್ಯ ಇದು: ‘ಮೂರು ತಿಂಗಳು ____ ಕಟ್ಟಿದೆ. ನಾಲ್ಕನೇ ತಿಂಗಳು ಕೈಯಲ್ಲಿ ಆಗಲಿಲ್ಲ. ಆ ರಾತ್ರಿಯೇ ಮಕ್ಕಳನ್ನು ಎಬ್ಬಿಸಿಕೊಂಡು ಹೊರಟೆ.’