ಪರಿಶಿಷ್ಟ ಜಾತಿ ಆದೇಶದ 3ನೇ ಪ್ಯಾರಾ: ಕಾನೂನು ಹೇಳುವುದೇನು, ಸರ್ಕಾರವನ್ನು ಕೇಳುವುದು ಹೇಗೆ?

ಪ್ರಶ್ನೆ: ಓದುಗರ_ಬಳಗ

ಎಲ್ಲರಿಗೂ ನಮಸ್ಕಾರ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೇ ಪ್ಯಾರಾ ಬಗ್ಗೆ, ಅಂದರೆ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮದವರನ್ನು ಪರಿಶಿಷ್ಟ ಜಾತಿಯವರು ಅಂತ ಪರಿಗಣಿಸುವಂತಿಲ್ಲ ಅನ್ನುವ ನಿಯಮದ ಬಗ್ಗೆ, ನಮ್ಮ ಬಳಗದಲ್ಲಿ ಚರ್ಚೆ ಇಟ್ಟುಕೊಂಡಿದ್ದೇವೆ. ಟೀವಿ ಹಾಕಿದರೆ ಒಬ್ಬರು ಇದು ಧರ್ಮದ ಹೆಸರಿನ ತಾರತಮ್ಯ ಅಂತಾರೆ, ಇನ್ನೊಬ್ಬರು ಇದನ್ನು ತೆಗೆದರೆ ಮೀಸಲಾತಿಯೇ ಮುಗೀತು ಅಂತಾರೆ. ಕಾನೂನಿನಲ್ಲಿ ಏನಿದೆ ಅಂತ ಯಾರೂ ಹೇಳಲ್ಲ. ಇದನ್ನು ಬದಲಾಯಿಸಲು ಸಂವಿಧಾನ ತಿದ್ದುಪಡಿ ಬೇಕಾ? ಮತಾಂತರ ಆದವರಿಗೆ ಯಾವ್ಯಾವುದು ಹೋಗುತ್ತದೆ, ಕರ್ನಾಟಕದಲ್ಲಿ ಏನು ಉಳಿಯುತ್ತದೆ? ಮತಾಂತರ ಆದ ದಲಿತರಿಗೆ ಈ ಸ್ಥಾನ ಕೊಡಬೇಕೇ ಅಂತ ನೋಡಲು ಬಾಲಕೃಷ್ಣನ್ ಆಯೋಗ ಅಂತ ಮಾಡಿದರಲ್ಲ, ಅದರ ವರದಿ ಏನಾಯಿತು ಅಂತ ಸಾಮಾನ್ಯ ನಾಗರಿಕ ಅಧಿಕೃತವಾಗಿ ಕೇಳುವ ದಾರಿ ಯಾವುದು? ಪಕ್ಷದ ವಾದ ಬೇಡ, ದಯವಿಟ್ಟು.

ಉತ್ತರ: ಕಲಂ_341

ಮೊದಲು ಕಾನೂನು ನೋಡೋಣ. 341ನೇ ವಿಧಿಯ 1ನೇ ಖಂಡದ ಪ್ರಕಾರ ಯಾವ ರಾಜ್ಯದಲ್ಲಿ ಯಾವ ಜಾತಿ ಪರಿಶಿಷ್ಟ ಅಂತ ರಾಷ್ಟ್ರಪತಿ ಅಧಿಸೂಚನೆ ಹೊರಡಿಸುತ್ತಾರೆ. ಒಮ್ಮೆ ಹೊರಡಿಸಿದ ಮೇಲೆ 2ನೇ ಖಂಡದ ಪ್ರಕಾರ ಅದರಲ್ಲಿ ಸೇರಿಸುವುದು ತೆಗೆಯುವುದು ಸಂಸತ್ತಿನ ಕೆಲಸ. ಸರ್ಕಾರ ಇನ್ನೊಂದು ಅಧಿಸೂಚನೆ ಹೊರಡಿಸಿ ತಿದ್ದುವಂತಿಲ್ಲ. 3ನೇ ಪ್ಯಾರಾ ಇರುವುದು ಈ ಆದೇಶದೊಳಗೆ, ಸಂವಿಧಾನದ ವಿಧಿಗಳಲ್ಲಿ ಅಲ್ಲ. ಆದ್ದರಿಂದ ಮೂರನೇ ಎರಡರಷ್ಟು ಬಹುಮತ, ರಾಜ್ಯಗಳ ಒಪ್ಪಿಗೆ ಯಾವುದೂ ಬೇಡ. ಉಭಯ ಸದನಗಳಲ್ಲಿ ಸಾಮಾನ್ಯ ಬಹುಮತದಿಂದ ಒಂದು ಮಸೂದೆ ಪಾಸಾದರೆ ಸಾಕು.

ಹಾಗೆ ಎರಡು ಸಲ ಆಗಿಯೂ ಇದೆ. 1950ರಲ್ಲಿ ಹಿಂದೂಗಳಲ್ಲದವರು ಪರಿಶಿಷ್ಟರಲ್ಲ ಅಂತಲೇ ಇತ್ತು. ಪಂಜಾಬಿನ ನಾಲ್ಕು ಸಿಖ್ ಜಾತಿಗಳಿಗೆ ಮಾತ್ರ ವಿನಾಯಿತಿ. 1956ರ ಕಾಯ್ದೆಯಿಂದ ಎಲ್ಲ ಸಿಖ್ಖರಿಗೂ ಅನ್ವಯವಾಯಿತು, 1990ರ ಕಾಯ್ದೆಯಿಂದ ಬೌದ್ಧರಿಗೂ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ದೀಕ್ಷೆ ಪಡೆದವರು ಮತ್ತು ಅವರ ಮಕ್ಕಳು ಈ ಮಾನ್ಯತೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಕಾದರು ಅನ್ನುವುದನ್ನು ಚರ್ಚೆಯಲ್ಲಿ ಯಾರೂ ನೆನಪಿಸುವುದಿಲ್ಲ. ಈಗ ಹೊರಗೆ ಉಳಿದಿರುವವರು ಮುಖ್ಯವಾಗಿ ದಲಿತ ಕ್ರೈಸ್ತರು ಮತ್ತು ದಲಿತ ಮುಸ್ಲಿಮರು. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಧರ್ಮದ ಷರತ್ತೇ ಇಲ್ಲ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಕೋರ್ಟಿನಲ್ಲಿ ಇದನ್ನು ನೇರವಾಗಿ ಪ್ರಶ್ನಿಸಿದ್ದು 1985ರ ಸೂಸೈ ಪ್ರಕರಣ. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರಿಗೆ ಸರ್ಕಾರ ಉಚಿತವಾಗಿ ಗೂಡಂಗಡಿ ಕೊಡುತ್ತಿತ್ತು. ಅದೇ ರಸ್ತೆ, ಅದೇ ಕಸುಬು, ಆದರೆ ಕ್ರೈಸ್ತ ಅಂತ ಸೂಸೈ ಅವರಿಗೆ ಸಿಗಲಿಲ್ಲ. ಜಾತಿ ಹಳೆಯದೇ ಅಂತ ತೋರಿಸಿದರೆ ಸಾಲದು, ಹಿಂದೂ ಸಮಾಜದಲ್ಲಿದ್ದಷ್ಟೇ ತೀವ್ರವಾದ ಅಡ್ಡಿ ಆತಂಕಗಳು ಹೊಸ ಧರ್ಮದೊಳಗೂ ಮುಂದುವರಿದಿವೆ ಅಂತ ಅಧಿಕೃತ ಅಧ್ಯಯನದ ಆಧಾರದಿಂದ ತೋರಿಸಬೇಕು ಅಂದಿತು ಕೋರ್ಟು. ಅರ್ಜಿ ಬಿದ್ದುಹೋಯಿತು. ಅಲ್ಲಿಂದ ಈ ಹೋರಾಟವೆಲ್ಲ ದಾಖಲೆಯ ಹೋರಾಟವಾಯಿತು. ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರ ಬಗ್ಗೆ ಕೇಂದ್ರ ಮಾಡಿದ್ದ ರಂಗನಾಥ ಮಿಶ್ರಾ ಆಯೋಗ, ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ 2008ರಲ್ಲಿ ಸತೀಶ್ ದೇಶಪಾಂಡೆ ಅವರಿಂದ ಮಾಡಿಸಿದ ಅಧ್ಯಯನ, ಈಗ ಬಾಲಕೃಷ್ಣನ್ ಆಯೋಗ, ಎಲ್ಲದರ ಬೇರು ಆ ತೀರ್ಪಿನಲ್ಲಿದೆ.

ಸುಪ್ರೀಂ ಕೋರ್ಟ್‌ನಲ್ಲಿರುವ ಮುಖ್ಯ ಅರ್ಜಿ 2004ರ ಸಿವಿಲ್ ರಿಟ್ ಸಂಖ್ಯೆ 180. ಕೋರ್ಟಿನ ಜಾಲತಾಣದಲ್ಲಿ ಸಂಖ್ಯೆ ಮತ್ತು ವರ್ಷ ಹಾಕಿ ಆದೇಶಗಳನ್ನು ನೀವೇ ಓದಬಹುದು. ಪತ್ರಿಕೆ ತಲೆಬರಹಕ್ಕಿಂತ ಅದು ಮೇಲು.

ಉತ್ತರ: ನಾಡಕಚೇರಿ_ಕಿಟಕಿ

ಕರ್ನಾಟಕದ ಮಟ್ಟಿಗೆ ಹೇಳುತ್ತೇನೆ. ಮತಾಂತರವಾದರೆ ಹೋಗುವುದು: ಪರಿಶಿಷ್ಟರ ಮೀಸಲಾತಿ, ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಸುವ ಹಕ್ಕು (ವಿಧಾನಸಭೆಯಲ್ಲಿ 36, ನಮ್ಮ ರಾಜ್ಯದ ಲೋಕಸಭಾ ಸ್ಥಾನಗಳಲ್ಲಿ 5), ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ. ಕೊನೆಯದ್ದನ್ನು ಬಹಳ ಜನ ಮರೆಯುತ್ತಾರೆ. 2025ರಲ್ಲಿ ಆಂಧ್ರ ಹೈಕೋರ್ಟ್ ಪಾದ್ರಿಯೊಬ್ಬರ ದೂರಿನ ಮೇಲಿದ್ದ ಕೇಸನ್ನು ಇದೇ ಕಾರಣಕ್ಕೆ ರದ್ದು ಮಾಡಿತು. ಅವರ ಕೈಯಲ್ಲಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಇತ್ತು, ಆದರೂ ಆಚರಿಸುತ್ತಿರುವ ಧರ್ಮ ಬೇರೆ ಅಂದ ಮೇಲೆ ಆ ಹಾಳೆ ಕೆಲಸಕ್ಕೆ ಬರಲಿಲ್ಲ. ಊರಿನಲ್ಲಿ ಬೈದವನು ಜಾತಿ ಹಿಡಿದೇ ಬೈದಿರುತ್ತಾನೆ, ಕಾನೂನು ಮಾತ್ರ ಬೈಸಿಕೊಂಡವನ ಧರ್ಮ ಕೇಳುತ್ತದೆ. ಹಲ್ಲೆ, ಬೆದರಿಕೆಗೆ ಸಾಮಾನ್ಯ ಕಲಮುಗಳಲ್ಲಿ ಕೇಸು ನಡೆಯುತ್ತದೆ, ಆದರೆ ವಿಶೇಷ ನ್ಯಾಯಾಲಯ, ಪರಿಹಾರಧನ, ನಿರೀಕ್ಷಣಾ ಜಾಮೀನಿಗೆ ತಡೆ ಸಿಗುವುದಿಲ್ಲ.

ಉಳಿಯುವುದು: ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ (ಶೇ 4, ಕೆನೆಪದರ ಅನ್ವಯಿಸುವುದಿಲ್ಲ). ಉಳಿದ ಕ್ರೈಸ್ತರು 3ಬಿ. ಇಲ್ಲೇ ಎಡವುವುದು. ಅರ್ಜಿಯಲ್ಲಿ ಬರೀ ‘ಕ್ರಿಶ್ಚಿಯನ್’ ಅಂತ ಬರೆದರೆ 3ಬಿ ಬರುತ್ತದೆ. ತಂದೆ ಅಥವಾ ಅಜ್ಜನ ಶಾಲಾ ದಾಖಲೆಯಲ್ಲಿ ಮೂಲ ಜಾತಿ ಇದ್ದರೆ ಅದನ್ನು ಲಗತ್ತಿಸಿ, ಪ್ರವರ್ಗ 1 ಅಂತ ಸ್ಪಷ್ಟವಾಗಿ ಕೇಳಬೇಕು. ಪ್ರವರ್ಗ 1ಕ್ಕೆ ನಮೂನೆ ಇ, ಪರಿಶಿಷ್ಟರಿಗೆ ಡಿ, 2ಎಯಿಂದ 3ಬಿವರೆಗೆ ಎಫ್. ತಹಶೀಲ್ದಾರರು ತಿರಸ್ಕರಿಸಿದರೆ ರಾಜ್ಯದ 1990ರ ಮೀಸಲಾತಿ ಕಾಯ್ದೆಯ 4ಬಿ ಕಲಮಿನಡಿ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಬಾಯಿಮಾತಿನಲ್ಲಿ ‘ಆಗಲ್ಲ ಹೋಗಿ’ ಅಂದರೆ ಮೇಲ್ಮನವಿಗೆ ಆಧಾರ ಇರುವುದಿಲ್ಲ, ತಿರಸ್ಕಾರದ ಹಿಂಬರಹ ಕೇಳಿ ಪಡೆಯಿರಿ. ಕೇಂದ್ರದ ನೌಕರಿಗೆ ಕೇಂದ್ರದ ಒಬಿಸಿ ಪಟ್ಟಿ ಬೇರೆ, ಅಲ್ಲಿ ಕೆನೆಪದರವೂ ಇದೆ.

ಬೌದ್ಧರಾದವರಿಗೂ ಒಂದು ಮಾತು. ಧರ್ಮದ ಅಂಕಣದಲ್ಲಿ ‘ಬೌದ್ಧ’ ಬರೆಯಿರಿ, ಜಾತಿ ಅಂಕಣದಲ್ಲಿ ಪಟ್ಟಿಯಲ್ಲಿರುವ ಜಾತಿಯ ಹೆಸರನ್ನೇ ಬರೆಯಿರಿ. ನಮ್ಮ ರಾಜ್ಯದ 101 ಜಾತಿಗಳ ಪಟ್ಟಿಯಲ್ಲಿ ‘ಬೌದ್ಧ’ ಅನ್ನುವ ಜಾತಿ ಇಲ್ಲ. ಎರಡೂ ಕಡೆ ಅದನ್ನೇ ಬರೆದರೆ ಅರ್ಜಿ ವಾಪಸ್ ಬರುತ್ತದೆ.

ಸುಳ್ಳು ಪ್ರಮಾಣಪತ್ರದ ದಾರಿ ಹಿಡಿಯಬೇಡಿ. ದೂರು ಬಂದರೆ ಜಿಲ್ಲಾ ಜಾತಿ ಪರಿಶೀಲನಾ ಸಮಿತಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ತನಿಖೆ ಮಾಡುತ್ತವೆ, ಸೇವೆ ಮುಗಿಯುವ ಹೊತ್ತಿಗೆ ಕೆಲಸವೂ ಪಿಂಚಣಿಯೂ ಸಿಕ್ಕಿಬೀಳುತ್ತವೆ.

ಉತ್ತರ: ಬೆಳಗಾವಿ_ಮಾಸ್ತರ

ಮೇಲಿನ ಇಬ್ಬರೂ ಹೇಳಿದ್ದು ಸರಿ ಅದ, ಆದರ ಇನ್ನೊಂದು ಬದಿ ಇಡದಿದ್ದರ ನಿಮ್ಮ ಚರ್ಚೆ ಅರ್ಧಕ್ಕ ನಿಲ್ಲತದ. ಇದನ್ನ ಬರೀ ‘ಹಿಂದೂ ಪಕ್ಷ ವಿರುದ್ಧ ಅಲ್ಪಸಂಖ್ಯಾತರು’ ಅಂತ ನೋಡೋದು ತಪ್ಪು. ಈಗಿರೋ ಪರಿಶಿಷ್ಟ ಸಮುದಾಯಗಳೊಳಗ ದೊಡ್ಡ ಆತಂಕ ಅದ. ಕೇಂದ್ರದಾಗ ಇರೋದು ಶೇ 15. ಹೊಸಬರು ಬಂದು ಪಾಲು ಅಷ್ಟೇ ಉಳಿದರ ಯಾರ ತಟ್ಟೆಯಿಂದ ತೆಗಿತೀರಿ? ಮಿಷನ್ ಶಾಲೆಯಾಗ ಕಲಿತವರು ಮುಂದ ಬರತಾರ ಅನ್ನೋ ಮಾತೂ ಅದ. ನಮ್ಮಲ್ಲೇ ಎಡಗೈ–ಬಲಗೈ ಜಾತಿಗಳ ಒಳಮೀಸಲಾತಿಗೆ ಎಷ್ಟು ವರ್ಷ ಹಿಡೀತು ಅಂತ ನೋಡ್ರಿ, ಆಮ್ಯಾಲ ಈ ಆತಂಕ ಸುಮ್ಮನ ಅಲ್ಲ ಅಂತ ತಿಳೀತದ. ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ಕೂಡ ಹಿಂದ ಒಪ್ಪಿದ್ದು, ಈಗಿರೋರ ಪಾಲಿಗೆ ಧಕ್ಕೆ ಆಗಬಾರದು ಅನ್ನೋ ಷರತ್ತಿನ ಮ್ಯಾಲ.

ಸರ್ಕಾರದ ವಾದ ಬೇರೆ: ಅಸ್ಪೃಶ್ಯತೆ ಹಿಂದೂ ಸಮಾಜದ ರೋಗ, ಕ್ರೈಸ್ತ–ಇಸ್ಲಾಂ ಧರ್ಮಗಳಲ್ಲಿ ಅದು ಇಲ್ಲ. 2022ರಾಗ ಸುಪ್ರೀಂ ಕೋರ್ಟಿಗೆ ಕೊಟ್ಟ ಅಫಿಡವಿಟ್‌ನಾಗ ಮಿಶ್ರಾ ವರದಿ ಒಪ್ಪಂಗಿಲ್ಲ ಅಂತ ಕೇಂದ್ರ ಬರೆದುಕೊಟ್ಟದ. ನನ್ನ ಅಭಿಪ್ರಾಯ ಕೇಳಿದರ, ಬೇರೆ ಸ್ಮಶಾನ, ಚರ್ಚಿನಾಗ ಬೇರೆ ಸಾಲು ಇರೋ ಊರುಗಳ ಬಗ್ಗೆ ಅಷ್ಟೆಲ್ಲ ಬರಹ ಬಂದ ಮ್ಯಾಲ ‘ಅಲ್ಲಿ ಜಾತಿ ಇಲ್ಲ’ ಅನ್ನೋದು ನಿಲ್ಲೋ ವಾದ ಅಲ್ಲ. ಪಾಲಿನ ವಾದ ಮಾತ್ರ ನಿಲ್ಲತದ, ಅದಕ್ಕ ಉತ್ತರ ಕೊಡಬೇಕು.

ಕಾಂಗ್ರೆಸ್ಸಿನವರೂ ಇದರಾಗ ಸಾಚಾ ಅಲ್ಲ. ಮಿಶ್ರಾ ಆಯೋಗ 3ನೇ ಪ್ಯಾರಾ ತೆಗೀರಿ ಅಂತ 2007ರ ಮೇನಾಗ ವರದಿ ಕೊಟ್ಟಿತು. ಸದಸ್ಯ ಕಾರ್ಯದರ್ಶಿ ಆಶಾ ದಾಸ್ ಭಿನ್ನಮತ ಬರೆದರು. ಯುಪಿಎ ಸರ್ಕಾರ ಅದನ್ನ ಸದನದಾಗ ಇಟ್ಟದ್ದು 2009ರ ಡಿಸೆಂಬರದಾಗ, ಅದೂ ಕ್ರಮ ಏನು ತಗೊಂಡಿವಿ ಅನ್ನೋ ಒಂದು ಹಾಳಿ ಇಲ್ಲದ. 2014ರಾಗ ಆ ಸರ್ಕಾರ ಇಳಿಯೋ ತನಕ ಮಸೂದೆ ಬರಲಿಲ್ಲ. 2023ರಾಗ ಆಂಧ್ರ, ತಮಿಳುನಾಡು ವಿಧಾನಸಭೆಗಳು ದಲಿತ ಕ್ರೈಸ್ತರ ಪರ ನಿರ್ಣಯ ಮಾಡಿದವು, ಅಂಥ ನಿರ್ಣಯಕ್ಕ ದಿಲ್ಲಿಯನ್ನ ಕಟ್ಟಿಹಾಕೋ ಬಲ ಇಲ್ಲ. ನಮ್ಮಲ್ಲಿ 2025ರ ಸಮೀಕ್ಷೆಯಾಗ ಜಾತಿ ಹೆಸರಿನ ಮುಂದ ‘ಕ್ರಿಶ್ಚಿಯನ್’ ಸೇರಿಸಿದ್ದಕ್ಕ ಎಷ್ಟು ಗದ್ದಲ ಆತು ನಿಮಗ ಗೊತ್ತ ಅದ.

ಉತ್ತರ: ಅರ್ಜಿ_ಹಾಕುವವ

ಕೊನೆಯ ಪ್ರಶ್ನೆಗೆ ಬರುತ್ತೇನೆ. ಮಾಸ್ತರರು ಹೇಳಿದ ‘ಒಂದು ಹಾಳೆ ಇಲ್ಲದೆ’ ಅನ್ನುವುದರಲ್ಲೇ ಕೀಲಿ ಇದೆ. ಮಿಶ್ರಾ ಆಯೋಗ ವಿಚಾರಣಾ ಆಯೋಗಗಳ ಕಾಯ್ದೆಯಡಿ ಆದದ್ದಲ್ಲ, ಆದ್ದರಿಂದ ಅದಕ್ಕೆ ಗಡುವು ಇರಲಿಲ್ಲ. 2022ರ ಅಕ್ಟೋಬರ್ 6ರಂದು ನೇಮಿಸಿದ ಬಾಲಕೃಷ್ಣನ್ ಆಯೋಗ 1952ರ ಆ ಕಾಯ್ದೆಯ 3ನೇ ಕಲಮಿನಡಿ ಬಂದಿದೆ. ಅದರ 3(4)ರ ಪ್ರಕಾರ, ವರದಿ ಸರ್ಕಾರದ ಕೈಸೇರಿದ ಆರು ತಿಂಗಳೊಳಗೆ ಕ್ರಮ ಕೈಗೊಂಡ ವಿವರದೊಂದಿಗೆ ಉಭಯ ಸದನಗಳಲ್ಲಿ ಮಂಡಿಸಬೇಕು. ಹಾಗಾಗಿ ನಿಮ್ಮ ಇಡೀ ಕೆಲಸ ಒಂದು ದಿನಾಂಕ ಹಿಡಿಯುವುದು: ವರದಿ ಸಲ್ಲಿಕೆಯ ದಿನಾಂಕ.

ಎರಡು ಕಡೆ ಸೋರುತ್ತದೆ. ಮೊದಲನೆಯದು ಅವಧಿ ವಿಸ್ತರಣೆ. ಆರಂಭದಲ್ಲಿ ಎರಡು ವರ್ಷ ಕೊಟ್ಟಿದ್ದರು, ಆಮೇಲೆ ವಿಸ್ತರಿಸಿದರು. ವಿಸ್ತರಣೆಗೆ ಮಿತಿ ಇಲ್ಲ, ಬಾಬರಿ ಮಸೀದಿ ಧ್ವಂಸದ ವಿಚಾರಣೆ ಮಾಡಿದ ಲಿಬರ್ಹಾನ್ ಆಯೋಗ 48 ವಿಸ್ತರಣೆ ಪಡೆದು ಹದಿನೇಳು ವರ್ಷ ನಡೆಯಿತು. ಎರಡನೆಯದು, ಆರು ತಿಂಗಳು ಮೀರಿದರೆ ಯಾರಿಗೂ ದಂಡ ಇಲ್ಲ. ಗಡುವಿನೊಳಗೇ ಮಂಡನೆಯಾದ ಲಿಬರ್ಹಾನ್ ವರದಿ (2009ರ ಜೂನ್ 30ಕ್ಕೆ ಸಲ್ಲಿಕೆ, ನವೆಂಬರ್ 24ಕ್ಕೆ ಮಂಡನೆ) ಕೂಡ ಸದನಕ್ಕೆ ಬಂದದ್ದು ಪತ್ರಿಕೆಯಲ್ಲಿ ಸೋರಿಕೆಯಾದ ಮರುದಿನ.

ಮಾಹಿತಿ ಹಕ್ಕು ಅರ್ಜಿಯನ್ನು ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕೆ ಹಾಕಿ. ಶುಲ್ಕ 10 ರೂಪಾಯಿ, ಅರ್ಜಿ 3000 ಅಕ್ಷರ ಮೀರಬಾರದು, ಮೀರಿದರೆ ಪಿಡಿಎಫ್ ಸೇರಿಸಿ. ‘ಸರ್ಕಾರ ಯಾಕೆ ತಡ ಮಾಡುತ್ತಿದೆ’ ಅಂತ ಬರೆದರೆ ಅದು 2(ಎಫ್) ಅರ್ಥದ ಮಾಹಿತಿಯಲ್ಲ ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕಡತದಲ್ಲಿ ಇರುವುದನ್ನೇ ಕೇಳಬೇಕು. ಹೀಗೆ ಬರೆಯಿರಿ:

‘ನ್ಯಾ. ಕೆ.ಜಿ. ಬಾಲಕೃಷ್ಣನ್ ಆಯೋಗಕ್ಕೆ ನೀಡಿದ ಪ್ರತಿ ಅವಧಿ ವಿಸ್ತರಣೆಯ ಆದೇಶದ ಪ್ರತಿ ಮತ್ತು ಸಂಬಂಧಿಸಿದ ಕಡತ ಟಿಪ್ಪಣಿ, ವರ್ಷವಾರು ವೆಚ್ಚ, ಆಯೋಗ ಭೇಟಿ ನೀಡಿದ ರಾಜ್ಯಗಳು ಮತ್ತು ದಿನಾಂಕಗಳು, ವರದಿ ಸಚಿವಾಲಯದಲ್ಲಿ ಸ್ವೀಕೃತವಾಗಿದ್ದರೆ ಸ್ವೀಕೃತಿಯ ದಿನಾಂಕ.’

ವರದಿಯ ಪ್ರತಿಯನ್ನೇ ಇದೇ ಅರ್ಜಿಯಲ್ಲಿ ಕೇಳಬೇಡಿ. ಸದನದಲ್ಲಿ ಮಂಡಿಸುವ ಮುನ್ನ ಕೊಟ್ಟರೆ ಹಕ್ಕುಚ್ಯುತಿ ಅಂತ 8(1)(ಸಿ), ಸಂಪುಟದ ಕಡತ ಅಂತ 8(1)(ಐ) ತೋರಿಸುತ್ತಾರೆ. ಆ ನೆಪದಲ್ಲಿ ಉಳಿದ ಪ್ರಶ್ನೆಗಳಿಗೂ ಅದೇ ಉತ್ತರ ಅಂಟಿಸಿಬಿಡುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಹಾರಿಕೆಯದಾಗಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಇನ್ನೊಂದು ದಾರಿ ನಿಮ್ಮ ಸಂಸದರು. ಲೋಕಸಭೆಯಲ್ಲಿ ಪ್ರಶ್ನೆಗೆ 15 ದಿನ ಮುಂಚೆ ನೋಟಿಸ್ ಬೇಕು. ದಿನಕ್ಕೆ ಚುಕ್ಕೆ ಗುರುತಿನವು (ಸಚಿವರು ಸದನದಲ್ಲಿ ಬಾಯಲ್ಲೇ ಉತ್ತರಿಸುವವು) 20, ಚುಕ್ಕೆ ರಹಿತ (ಲಿಖಿತ ಉತ್ತರದವು) 230, ಚೀಟಿ ಎತ್ತಿ ಆರಿಸುತ್ತಾರೆ. ಪ್ರಶ್ನೆಯನ್ನು ನೀವೇ ಸಿದ್ಧಮಾಡಿ ಕೊಟ್ಟರೆ ಕಚೇರಿಯವರು ಹಾಕುವ ಸಾಧ್ಯತೆ ಹೆಚ್ಚು, ಭಾಷಣ ಬರೆದುಕೊಟ್ಟರೆ ಕಡಿಮೆ. ‘ವಿಷಯ ಪರಿಶೀಲನೆಯಲ್ಲಿದೆ’ ಅಂತ ಸಚಿವರು ಉತ್ತರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಆ ಮಾತು ಭರವಸೆ ಅಂತ ದಾಖಲಾಗಬಹುದು, ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಸಚಿವಾಲಯವನ್ನು ಕೇಳುತ್ತದೆ.

ಮರುಪ್ರಶ್ನೆ: ಓದುಗರ_ಬಳಗ

ಬಹಳ ಉಪಕಾರ ಆಯಿತು. ಒಂದೇ ಅನುಮಾನ. ವಾಪಸ್ ಹಿಂದೂ ಧರ್ಮಕ್ಕೆ ಬಂದರೆ ಪರಿಶಿಷ್ಟ ಜಾತಿ ಮರಳಿ ಸಿಗುತ್ತದಾ?

ಉತ್ತರ: ಕಲಂ_341

ಸಿಗುತ್ತದೆ, ಆದರೆ ತಾನಾಗಿ ಅಲ್ಲ. 2015ರಲ್ಲಿ ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ಅಂಶ ಕೇಳಿತು: ಪೂರ್ವಿಕರು ಆ ಪಟ್ಟಿಯ ಜಾತಿಯವರೇ ಅನ್ನುವ ಪುರಾವೆ, ಮೂಲ ಧರ್ಮಕ್ಕೇ ಮರಳಿದ್ದು, ಆ ಸಮುದಾಯ ಮತ್ತೆ ಸೇರಿಸಿಕೊಂಡಿದ್ದು. ಜನ ಸೋಲುವುದು ಮೂರನೆಯದರಲ್ಲಿ. ಶುದ್ಧಿ ಪತ್ರವೊಂದೇ ಸಾಲದು.

ಇದಕ್ಕೆ ಒಳ್ಳೆಯ ಪಾಠ ನಮ್ಮ ಕೆಜಿಎಫ್ ಮೀಸಲು ಕ್ಷೇತ್ರದ್ದು. 1967ರಲ್ಲಿ ಗೆದ್ದ ಅಭ್ಯರ್ಥಿ 1949ರಲ್ಲಿ ಕ್ರೈಸ್ತರಾಗಿದ್ದರು ಅಂತ ಎದುರಾಳಿ ಕೋರ್ಟಿಗೆ ಹೋದರು, ಮರಳಿ ಆದಿದ್ರಾವಿಡ ಸಮುದಾಯ ಸೇರಿದ್ದಕ್ಕೆ ಪುರಾವೆ ಸಾಲದು ಅಂತ ಆಯ್ಕೆ ರದ್ದಾಯಿತು. ಅದೇ ವ್ಯಕ್ತಿ 1972ರಲ್ಲಿ ಮತ್ತೆ ಗೆದ್ದರು, ಮತ್ತೆ ಕೇಸು. ಈ ಸಲ ಸಮುದಾಯದ ಸಮ್ಮೇಳನಕ್ಕೆ ಕರೆದದ್ದು, ಮಕ್ಕಳ ಶಾಲಾ ದಾಖಲೆ ಇವೆಲ್ಲ ಮುಂದೆ ಬಂದವು, ಸುಪ್ರೀಂ ಕೋರ್ಟ್ ಅವರ ಜಾತಿಯನ್ನು ಒಪ್ಪಿತು.

ಇನ್ನು ನೌಕರಿಗೋಸ್ಕರ ಮಾತ್ರ ‘ಹಿಂದೂ’ ಅಂತ ಬರೆದು ಭಾನುವಾರ ಚರ್ಚಿಗೆ ಹೋಗುತ್ತಿದ್ದರೆ 2024ರ ನವೆಂಬರ್‌ನ ಪುದುಚೇರಿ ಪ್ರಕರಣದ ತೀರ್ಪು ಓದಿ. ನಂಬಿಕೆ ಇಲ್ಲದೆ ಮೀಸಲಾತಿಗಾಗಿ ಮಾತ್ರ ಮರಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ ಅದರಲ್ಲಿದೆ. ತಹಶೀಲ್ದಾರರು ಈಗ ಮಹಜರು ಮಾಡುವಾಗ ನೆರೆಹೊರೆಯವರನ್ನು ಹಬ್ಬ, ಮದುವೆ, ಶವಸಂಸ್ಕಾರ ಯಾವ ಪದ್ಧತಿಯಲ್ಲಿ ಆಯಿತು ಅಂತ ಕೇಳಿದರೆ ಆಶ್ಚರ್ಯಪಡಬೇಡಿ. ಅದಕ್ಕೆ ಉತ್ತರ ಆಗುವ ದಾಖಲೆಗಳನ್ನು ಅರ್ಜಿ ಹಾಕುವ ಮೊದಲೇ ಜೋಡಿಸಿಟ್ಟುಕೊಳ್ಳಿ.