ಬಿಡೋರ್‌ನಲ್ಲಿ ಅರ್ಧ ದಿನ: ಸಸ್ಯಾಹಾರಿಗಳಿಗೆ ಏನು ಸಿಗುತ್ತೆ, ನೋಡೋಕೆ ಏನಿದೆ?

ಗೊಜ್ಜವಲಕ್ಕಿ:
ಕೌಲಾಲಂಪುರದಿಂದ ಇಪೋಗೆ ಕಾರಲ್ಲಿ ಹೊರಟಿದ್ದೀವಿ. ಮಧ್ಯೆ ಬಿಡೋರ್‌ನಲ್ಲಿ ಊಟ ಮುಗಿಸಿ ಹತ್ತಿರದಲ್ಲೇ ಏನಾದ್ರೂ ನೋಡೋ ಯೋಚನೆ. ಜೊತೆಗಿರೋ ಅಪ್ಪ-ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಆ ಊರಿನ ‘ಚಿಕನ್ ಬಿಸ್ಕೆಟ್’ನಲ್ಲಿ ಕೋಳಿಯೇ ಇರಲ್ಲ ಅಂತಾರೆ, ಹಾಗಾದ್ರೆ ಅವರಿಗೆ ಕೊಡಬಹುದಾ?

ಹೆದ್ದಾರಿಹಕ್ಕಿ:
ಕೋಳಿ ಇರಲ್ಲ ಅನ್ನೋದು ನಿಜ. ಆದ್ರೂ ಕೊಡಬೇಡಿ, ಹೆಸರಲ್ಲಿ ಕೋಳಿ, ಒಳಗೆ ಹಂದಿ! ಕ್ಯಾಂಟೊನೀಸ್‌ನಲ್ಲಿ ಅದು ‘ಕೈ ಚೈ ಪೆಂಗ್’, ಅಂದ್ರೆ ಕೋಳಿಮರಿ ಬಿಸ್ಕೆಟ್. ಹಳೇ ಪದ್ಧತೀಲಿ ಮೈದಾ, ಮಾಲ್ಟೋಸ್ ಪಾಕ, ಎಳ್ಳು, ಬೆಳ್ಳುಳ್ಳಿ, ‘ನಾಮ್ ಯು’ ಅನ್ನೋ ಕೆಂಪು ಹುದುಗು ತೋಫು, ಜೊತೆಗೆ ಸಕ್ಕರೇಲಿ ನೆನೆಸಿದ ಹಂದಿ ಕೊಬ್ಬು ಹಾಕ್ತಾರೆ. ಮೇಲಿನ ಹೊಳಪು ಮೊಟ್ಟೆಯದ್ದು. ಹಲಾಲ್ ಮುದ್ರೆ ಇರೋ ಪೊಟ್ಟಣದಲ್ಲಿ ಹಂದಿ ಕೊಬ್ಬು ಇರಲ್ಲ, ಆದ್ರೆ ಮೊಟ್ಟೆ ಇರಬಹುದು. ಪೊಟ್ಟಣದ ಮೇಲೆ ‘ತೆಲೂರ್’ ಅಂತಿದ್ರೆ ಮೊಟ್ಟೆ. ನಿಮಗೆ ತಗೊಂಡ್ರೆ, ಪೊಟ್ಟಣ ಒಡೆದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ. ಅಲ್ಲಿನ ತೇವಕ್ಕೆ ಬೇಗ ಮೆತ್ತಗಾಗುತ್ತೆ.

ನೀವು ಮಾಂಸ ತಿನ್ನೋರಾದ್ರೆ ಬಿಡೋರ್‌ನ ‘ಪುನ್ ಚುನ್’ ಹೋಟೆಲಿನ ಬಾತುಕೋಳಿ ನೂಡಲ್ಸ್ ಬಿಡಬೇಡಿ. ಗಿಡಮೂಲಿಕೆ ಸಾರಲ್ಲಿ ಬೆಂದ ಇಡೀ ಕಾಲು ಕೊಡ್ತಾರೆ. ‘ಕೊನ್ ಲೋ’ ಅಂತ ಕೇಳಿದ್ರೆ ನೂಡಲ್ಸ್ ಒಣಗೇ ಬರುತ್ತೆ, ಸಾರು ಬೇರೆ ಬಟ್ಟಲಲ್ಲಿ. ಪಾರ್ಸೆಲ್ ಆದ್ರಂತೂ ಹೀಗೇ ಕೇಳಿ. ಸಾರಲ್ಲಿ ನೆಂದ ನೂಡಲ್ಸ್ ಮುದ್ದೆಯಾಗಿಬಿಡುತ್ತೆ.

ಉದ್ದಿನವಡೆ:
ಅಪ್ಪ-ಅಮ್ಮನಿಗೆ ಭಾರತೀಯ ಅಂಗಡೀಲಿ ‘ತೋಸೈ’ ಹೇಳಿ, ಅದು ನಮ್ಮ ದೋಸೆಯೇ. ರೋಟಿ ಚನಾಯ್ ನೋಡೋಕೆ ಪರೋಟದ ಹಾಗೆ, ಆದ್ರೆ ಕೆಲವರು ಹಿಟ್ಟಿಗೇ ಮೊಟ್ಟೆ ಸೇರಿಸ್ತಾರೆ, ಕೇಳಿ ತಗೊಳ್ಳಿ. ಎಡವಟ್ಟಾಗೋದು ಸಾರಲ್ಲಿ. ಸುಮ್ಮನೆ ಕೂತ್ರೆ ಬೇಳೆ ಸಾರಿನ ಮೇಲೆ ಮೀನು ಸಾರನ್ನೂ ಸುರಿದುಬಿಡ್ತಾರೆ. ‘ಕುವಾ ದಾಲ್ ಸಹಾಜ, ಜಾಂಗನ್ ಚಂಪುರ್’ ಅನ್ನಿ: ಬೇಳೆ ಸಾರು ಮಾತ್ರ, ಬೆರೆಸಬೇಡಿ. ತಮಿಳು ಬಂದ್ರೆ ಇನ್ನೂ ಸುಲಭ. ಪಕ್ಕದಲ್ಲಿಡೋ ‘ಸಂಬಾಲ್’ ಅನ್ನೋ ಕೆಂಪು ಮೆಣಸಿನಕಾಯಿ ಚಟ್ನಿ ಮುಟ್ಟಬೇಡಿ, ಸಾಮಾನ್ಯವಾಗಿ ಅದರಲ್ಲಿ ‘ಬೆಲಾಚನ್’, ಅಂದ್ರೆ ಹುದುಗಿಸಿದ ಸೀಗಡಿ ಇರುತ್ತೆ. ಟೀಗೆ ‘ಕುರಾಂಗ್ ಮಾನಿಸ್’, ಅಂದ್ರೆ ಸಿಹಿ ಕಮ್ಮಿ, ಅನ್ನದಿದ್ರೆ ಪಾಯಸ ಕುಡಿದ ಹಾಗಾಗುತ್ತೆ.

ಹಳೇ ಹೆದ್ದಾರಿ ಬದಿಯ ಬೀಜವಿಲ್ಲದ ಸೀಬೆ ತಗೊಳ್ಳಿ. ಒತ್ತಿದ್ರೆ ಕಲ್ಲಿನ ಹಾಗಿರಬೇಕು, ಗರಿಗರಿ ಅನ್ನೋದೇ ಅದರ ಗಮ್ಮತ್ತು. ಉಪ್ಪು-ಹುಳಿಯ ‘ಆಸಮ್ ಬೋಯ್’ ಪುಡಿ ಜೊತೆಗೆ ಕೊಡ್ತಾರೆ. ತಿರುಚಿದ ಹಸಿರು ಕಾಯಿ ಗೊಂಚಲು ತೂಗುಹಾಕಿದ್ರೆ ಅದು ಪೆತಾಯ್. ಸಸ್ಯಾಹಾರವೇ, ಆದ್ರೆ ನಾತ ಮರುದಿನ ಬಚ್ಚಲುಮನೆವರೆಗೂ ಬರುತ್ತೆ!

ಹೆದ್ದಾರಿಹಕ್ಕಿ:
ನೋಡೋಕೆ ತೆಲುಕ್ ಇಂತಾನ್‌ನ ವಾಲುಗೋಪುರ. ಬಿಡೋರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. 1885ರಲ್ಲಿ ಗುತ್ತಿಗೆದಾರ ಲಿಯಾಂಗ್ ಚೂನ್ ಚೂಂಗ್ ಕಟ್ಟಿದ್ದು, ಎತ್ತರ 25.5 ಮೀಟರ್. ಹೊರಗಿಂದ 8 ಅಂತಸ್ತು ಎಣಿಸ್ತೀರಿ, ಒಳಗಿರೋದು 3 ಮಾತ್ರ. ಮೇಲಿದ್ದ ನೀರಿನ ತೊಟ್ಟಿಯ ಭಾರಕ್ಕೆ ಮೆತ್ತನೆ ನೆಲ ಕುಸಿದು ವಾಲಿದೆ. ಗೋಪುರದ ಬುಡದಲ್ಲಿ ನಿಂತ್ರೆ ವಾಲಿದ್ದು ಅಷ್ಟು ಗೊತ್ತಾಗಲ್ಲ, ಚೌಕದ ಆಚೆ ಬದಿಗೆ ಹೋಗಿ ನೋಡಿ. ಹೋಗಿ ಬರೋಕೆ 3 ಗಂಟೆಯಾದ್ರೂ ಬೇಕು.

ಅಷ್ಟು ಹೊತ್ತಿಲ್ಲ ಅಂದ್ರೆ ಪಕ್ಕದ ಊರು ತಾಪಾದಿಂದ ಕ್ಯಾಮರನ್ ಬೆಟ್ಟಕ್ಕೆ ಹತ್ತೋ ರಸ್ತೇಲಿ ಕುವಾಲಾ ವೋ ಇದೆ. ಬಿಸಿನೀರಿನ ಬುಗ್ಗೆ ತಣ್ಣನೆ ಹೊಳೆಗೆ ಸೇರೋ ಜಾಗ. ಕಾಲಿಡೋ ಮುಂಚೆ ನೀರನ್ನ ಕೈಯಲ್ಲಿ ಮುಟ್ಟಿ ನೋಡಿ. ಬೆಟ್ಟದ ಮೇಲೆ ಮಳೆಯಾಗಿ ಹೊಳೆ ಕೆಂಪಾಗ್ತಿದ್ರೆ ತಕ್ಷಣ ಮೇಲೆ ಬನ್ನಿ.

ಗೊಜ್ಜವಲಕ್ಕಿ:
ಹಾಗಾದ್ರೆ ತೋಸೈ, ಸೀಬೆ, ಗೋಪುರ. ಟೋಲ್‌ಗೆ ಚಿಲ್ಲರೆ ಇಟ್ಕೊಂಡ್ರೆ ಸಾಕಾ?

ಉದ್ದಿನವಡೆ:
ನಗದು ತಗೊಳ್ಳಲ್ಲ. ಟಚ್ ಎನ್ ಗೋ ಕಾರ್ಡ್ ಬೇಕು, ಹಣ ಮೊದಲೇ ತುಂಬಿಸಿ. ಒಳಗೆ ಹೋಗುವಾಗ ತಾಗಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ತಾಗಿಸಿ.